ಕೆಂಪು ಬಾವುಟ ಇದ್ದ ಜಾಗ

ಫ್ಯಾನು ತಿರುಗಿದಾಗೆಲ್ಲ ಮೇಜಿನ ಮೇಲಿನ ಪ್ಲಾಸ್ಟಿಕ್ ಕವರು ಒಂಚೂರು ಏಳತ್ತೆ, ಒಳಗಿನ ರೆಕ್ಕೆಯೂ ಏಳತ್ತೆ, ಸತ್ತ ಮೇಲೂ ಹಾರೋ ಆಸೆ ನೋಡು, ರನ್‌ವೇಯಿಂದ ಎತ್ತಿ ಕವರಿಗೆ ಹಾಕಿದ್ದು ನಾನೇ, ಹದಿನೆಂಟು ವರ್ಷದಿಂದ ಇದೇ, ಪಟಾಕಿ ಹೊಡಿ, ಹಕ್ಕಿ ಓಡಿಸು, ಗೂಡು ಕಂಡ್ರೆ ಕಿತ್ತು ಹಾಕು, ಸತ್ತಿದ್ದನ್ನ ಆರಿಸು, ಅದಕ್ಕೇ ಎಲ್ಲರಿಗೂ ನಾನು ಹಕ್ಕಿಯಣ್ಣ — ಬೆಳಿಗ್ಗೆ ವಿಮಾನ ಏಳುವಾಗ ಇಂಜಿನ್ನಿಗೆ ಇದೇ ಟಿಟ್ಟಿಭ ಹಕ್ಕಿ ಹೊಕ್ಕಿತು, ವಿಮಾನ ವಾಪಸ್ ಬಂತು, ನೂರ ನಲವತ್ತು ಜನ, ಎಲ್ಲರೂ ನಡ್ಕೊಂಡೇ ಇಳಿದರು, ಒಬ್ಬಳ ಸೊಂಟದ ಮೇಲೆ ಮಗು ಇತ್ತು, ನನ್ನನ್ನೇ ನೋಡ್ತು, ನನಗೇನೂ ಅನ್ನಿಸಲಿಲ್ಲ, ಕಾಲಿಗೆ ಹಿಡಿಯೋ ಜೋಮು ಎದೆಗೂ ಹಿಡಿಯತ್ತಾ — ಹುಲ್ಲೆಲ್ಲ ಕೊಯ್ದು ಹಕ್ಕಿ ಎದ್ದ ಅಷ್ಟೇ ಜಾಗ ಯಾಕಯ್ಯ ಬಿಟ್ಟೆ, ಸೇಫ್ಟಿ ಸಾಹೇಬರು ಕೇಳ್ತಿದ್ದಾರೆ, ನನ್ನನ್ನಲ್ಲ, ಪಕ್ಕದಲ್ಲಿ ನಿಂತಿರೋ ಹುಲ್ಲು ಕೊಯ್ಯೋ ಟ್ರ್ಯಾಕ್ಟರಿನವನನ್ನ, ಸಾರ್ ಅಲ್ಲಿ ಕೆಂಪು ಬಾವುಟ ಇತ್ತು, ಬಾವುಟ ಇದ್ರೆ ಕೆಳಗೆ ಲೈಟೋ ವೈರೋ ಇರತ್ತೆ ಅಂತ ಸುತ್ತಿ ಹೋಗ್ತೀವಿ, ಯಾವಾಗ್ಲೂ ಹಾಗೇ ಸಾರ್, ಎಲ್ಲಯ್ಯ ಬಾವುಟ, ನಮ್ಮ ಕಿವಿಗೇ ಹೂ ಇಡ್ತೀಯಾ, ನಾಳೆಯಿಂದ ಕೆಲಸಕ್ಕೆ ಬರಬೇಡ — ಅವನು ತಿರುಗ್ತಾನೆ, ಹಕ್ಕಿಯಣ್ಣಾ, ನೀನಾದ್ರೂ ಹೇಳಣ್ಣ, ದಿನಾ ಓಡಾಡೋನು ನೀನು, ಬಾವುಟ ನೋಡಿಲ್ವಾ, ನಿನ್ನೆ ನನ್ನ ಊಟದ ಡಬ್ಬಿಗೇ ಕೈ ಹಾಕಿ ತಿಂದವನು ಪಾಪ ಇವನು, ಬಾವುಟ ನನ್ನ ಜೇಬಲ್ಲಿದೆ, ವಿಮಾನ ವಾಪಸ್ ಇಳಿಯೋಷ್ಟರಲ್ಲಿ ಓಡಿ ಹೋಗಿ ಕಿತ್ತೆ, ನೆಟ್ಟವನೂ ನಾನೇ.

ಹನ್ನೆರಡು ದಿನ ಆಯ್ತು, ಹುಲ್ಲಲ್ಲಿ ಬಗ್ಗಿ ನೋಡ್ತೀನಿ, ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ, ಕೈ ಹಾಕಿದೆ, ಬೆಚ್ಚಗಿತ್ತು, ಇಂಥವು ಎಷ್ಟು ಒಡೆದಿಲ್ಲ ಈ ಕೈ, ಆದ್ರೆ ಹಿಂದಿನ ದಿನವಷ್ಟೇ ಇದೇ ಕೈಗೆ ನರ್ಸಮ್ಮ ಮಗಳ ಕೂಸನ್ನ ಕೊಟ್ಟಿದ್ರು, ಬಿಳಿ ಬಟ್ಟೇಲಿ ಸುತ್ತಿ, ಅಳಲೇ ಇಲ್ಲ ಅದು, ಹುಟ್ಟುವಾಗಲೇ ಹೋಗಿತ್ತು, ಮಂಚದ ಮೇಲಿಂದ ಮಗಳು, ಅಪ್ಪಾ, ಬೆಚ್ಚಗಿದೆಯಾ, ಹೂಂ ಕಣಮ್ಮ ಅಂದೆ, ಐಸಿನ ಹಾಗಿತ್ತು — ಒಂದು ಗೂಡು ಬಿಟ್ರೆ ಯಾರಪ್ಪನ ಗಂಟು ಹೋಗತ್ತೆ ಅಂತ ಬಾವುಟ ನೆಟ್ಟೆ, ಟ್ರ್ಯಾಕ್ಟರು ಸುತ್ತಿ ಹೋಯ್ತು, ರಿಜಿಸ್ಟರಲ್ಲಿ ಗೂಡು ಇಲ್ಲ ಅಂತ ದಿನಾ ಬರೆದೆ, ಇನ್ನು ಹದಿನೈದು ದಿನಕ್ಕೆ ಮರಿ ಆಗ್ತಿದ್ವು, ತಾಯಿ ಈಗ ಕವರಲ್ಲಿದೆ, ನೂರ ನಲವತ್ತು ಜನ, ಆ ಸೊಂಟದ ಮೇಲಿನ ಮಗು, ಅಯ್ಯೋ ಪಾಪಿ, ಏನ್ ಮಾಡಿಬಿಟ್ಟೆ — ಹೇಳಣ್ಣಾ, ಅವನ ದನಿ ಒಡೀತಿದೆ, ಕೈ ತಾನಾಗೇ ಜೇಬಿಗೆ ಹೋಗತ್ತೆ, ಬಾವುಟ ಮೇಜಿನ ಮೇಲೆ ಬೀಳತ್ತೆ, ಇವನು ಸುಳ್ಳು ಹೇಳ್ತಿಲ್ಲ ಸಾರ್, ನಂದೇ ಇದು, ಅವನು ಉಸಿರು ಬಿಡ್ತಾನೆ, ಸಾಹೇಬರು ಎದ್ದು ನಿಲ್ತಾರೆ, ಹದಿನೆಂಟು ವರ್ಷ ಕಣಯ್ಯ, ನೀನೇನಾ, ಯಾಕಯ್ಯ, ಯಾಕೆ — ಯಾಕೆ ಅಂದ್ರೆ ಸಾರ್, ಫ್ಯಾನು ತಿರುಗತ್ತೆ, ಕವರು ಏಳತ್ತೆ, ಬಾವುಟ ಕೀಳುವಾಗ ಗೂಡು ಮುಟ್ಟಿದ್ದೆ, ಆಗ ಇನ್ನೂ ಬಿಸಿ ಇತ್ತು, ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ, ಅಪ್ಪಾ, ಬೆಚ್ಚಗಿದೆಯಾ, ನಾಲ್ಕು ಮೊಟ್ಟೆ