ಘೇಂಡಾಮನೆಯ ನಡುಬಾಗಿಲು

ನಾನೊಂದು ಕಬ್ಬಿಣದ ಬಾಗಿಲು. ಮೃಗಾಲಯದ ಘೇಂಡಾಮನೆಯಲ್ಲಿ ಎರಡು ಕೋಣೆಗಳ ನಡುವೆ ಹತ್ತೊಂಬತ್ತು ವರ್ಷ ನಿಂತಿದ್ದೆ. ಈಗ ಮೇವಿನ ಉಗ್ರಾಣದ ಹಿಂದೆ, ಒಡೆದ ನೀರಿನ ತೊಟ್ಟಿಗಳ ಪಕ್ಕ ಅಂಗಾತ ಬಿದ್ದಿದ್ದೇನೆ. ಅಯ್ಯೋ ಪಾಪ ಅನ್ನಬೇಡಿ. ಕನಿಕರ ನನಗೆ ಬೇಕಿಲ್ಲ, ನನಗೆ ಬಂದಿರುವುದು ಸಿಟ್ಟು. ಸರ್ಕಾರಿ ಕಡತದಲ್ಲಿ ನನ್ನ ಮೇಲೆ ಒಂದು ಸುಳ್ಳು ಬರೆದಿಟ್ಟರು. ಆ ಸುಳ್ಳಿಗೆ ಸಹಿ ಹಾಕಿದವನು ದಿನಕ್ಕೆರಡು ಸಲ ನನ್ನನ್ನು ಮುಟ್ಟಿ ಮಾತಾಡಿಸುತ್ತಿದ್ದವನೇ.

ನಾನು ಹುಟ್ಟಿದ್ದು ಬಸ್ ಡಿಪೋ ಹಿಂದಿನ ದಸ್ತಗೀರ್ ಸಾಬರ ವೆಲ್ಡಿಂಗ್ ಶೆಡ್ಡಿನಲ್ಲಿ. ಅದಕ್ಕೆ ಮೊದಲು ರೈಲುಕಂಬಿಯಾಗಿದ್ದೆ. ಕಚೇರಿಯಿಂದ ಬಂದ ನಕ್ಷೆಯಲ್ಲಿ ನನ್ನನ್ನು ಒಂದೇ ಒಂದು ಸಂದಿಲ್ಲದ ತಗಡಿನ ಬಾಗಿಲಾಗಿ ಬರೆದಿದ್ದರು. ಆ ನಕ್ಷೆಯನ್ನು ಸೈಕಲ್ಲಿನಲ್ಲಿ ತಂದವನು ಪುಟ್ಟಮಾದಯ್ಯ, ಘೇಂಡಾಗಳನ್ನು ನೋಡಿಕೊಳ್ಳುವ ಕೀಪರ್. ಅದನ್ನು ಸಾಬರ ಮುಂದೆ ಹರಡಿ, ಅದರ ಮೇಲೆಯೇ ಬೀಡಿಯ ಬೂದಿ ಕೊಡವಿದ.

"ಸಾಬ್ರೇ, ಇದ ಬರ್ದೋರು ಘೇಂಡಾನ ಕಣ್ಣಲ್ ಕಂಡಿಲ್ಲ. ತಗಡು ಹೊಡುದ್ರೆ ಗೋಡೆ ಆಯ್ತದೆ, ಬಾಗ್ಲು ಆಗಕಿಲ್ಲ. ಅಂಗೈ ಅಗ್ಲ ಸಂದು ಬುಟ್ಟು ಕಂಬಿ ಕೂರ್ಸಿ. ಕೊಂಬು ತೂರ್ಬಾರ್ದು, ಉಸ್ರು ತೂರ್ಬೇಕು."

"ಸಾಹೇಬ್ರು ಕೇಳಿದ್ರೆ?"

"ಅವ್ರು ಯಾಕ್ ಬಂದಾರು ಸಗಣಿ ಮನೇಗೆ."

ಸಾಬರು ನಕ್ಕು ನಕ್ಷೆಯನ್ನು ಮಡಚಿ ಸ್ಟೂಲಿನ ಕಾಲಿನಡಿ ಇಟ್ಟರು. ಹೀಗೆ ನಾನು ಸಂದುಗಳಿರುವ ಬಾಗಿಲಾದೆ. ಅವನ ಮಾತು ಸರಿ ಅನ್ನುವುದು ಕೆಲಸಕ್ಕೆ ನಿಂತ ಮೇಲೆ ತಿಳಿಯಿತು. ಘೇಂಡಾಮೃಗಕ್ಕೆ ಕಣ್ಣು ಅಷ್ಟಕ್ಕಷ್ಟೆ. ಹತ್ತು ಮಾರು ದೂರದ ಮನುಷ್ಯನೂ ಮರವೂ ಅದಕ್ಕೆ ಒಂದೇ. ಅದು ಬದುಕುವುದು ಮೂಗಿನಿಂದ.

ನನ್ನ ಬಲಗಡೆಯ ಕೋಣೆಗೆ ಸುಭದ್ರೆ ಬಂದಳು. ಉತ್ತರದ ಯಾವುದೋ ಮೃಗಾಲಯದಿಂದ ಲಾರಿಯ ಮೇಲೆ, ಮರದ ಪೆಟ್ಟಿಗೆಯೊಳಗೆ ಆರು ದಿನ ನಿಂತುಕೊಂಡೇ ಬಂದ ಹೆಣ್ಣುಮರಿ. ಇಳಿದವಳು ಯಾರನ್ನೂ ನೋಡಲಿಲ್ಲ. ನೇರ ನನ್ನ ಹತ್ತಿರ ಬಂದು ತುಟಿ ಚಾಚಿ ಕಂಬಿಗಳನ್ನು ಒಂದೊಂದಾಗಿ ಮೂಸಿದಳು. ಆ ಕಡೆ ನಿಂತಿದ್ದ ಪುಟ್ಟಮಾದಯ್ಯ ಸಂದಿನಲ್ಲಿ ಬಾಳೆಹಣ್ಣು ತೂರಿಸಿದ. "ಬಾ ನನ್ನವ್ವ, ಉಣ್ಣು," ಅಂದ. ಅವಳು ಹಣ್ಣು ತಿಂದು ಅವನ ಕೈಯನ್ನೂ ನೆಕ್ಕಿದಳು.

ಅವಳು ಬೆಳೆದು ಒಂದೂವರೆ ಟನ್ ಆದಳು. ಎಷ್ಟೇ ಸಲಿಗೆಯಿದ್ದರೂ ನಡುವೆ ನಾನು ಮುಚ್ಚಿಕೊಳ್ಳದೆ ಪುಟ್ಟಮಾದಯ್ಯ ಒಂದು ದಿನವೂ ಅವಳ ಕೋಣೆಗೆ ಕಾಲಿಡಲಿಲ್ಲ. ಬೆಳಿಗ್ಗೆ ಓಣಿಯಲ್ಲಿ ನಿಂತು ಚಕ್ರ ತಿರುಗಿಸುತ್ತಿದ್ದ, ಸರಪಳಿ ಎಳೆಯುತ್ತಿತ್ತು, ನಾನು ನೆಲದ ತೋಡಿನಲ್ಲಿ ಜಾರಿ ತೆರೆದುಕೊಳ್ಳುತ್ತಿದ್ದೆ. ಅವಳು ಪಕ್ಕದ ಕೋಣೆಗೆ ಹೋದ ಮೇಲೆ ನನ್ನನ್ನು ಮುಚ್ಚಿ, ಅವಳ ಕೋಣೆ ಗುಡಿಸಲು ಹೋಗುತ್ತಿದ್ದ. ಆದರೆ ಎಲ್ಲ ಸಗಣಿಯನ್ನೂ ಎತ್ತುತ್ತಿರಲಿಲ್ಲ. ಮೂಲೆಯಲ್ಲಿ ಒಂದು ಗುಡ್ಡೆಯನ್ನು ಹಾಗೆಯೇ ಬಿಡುತ್ತಿದ್ದ. ಘೇಂಡಾ ದಿನವೂ ಒಂದೇ ಜಾಗದಲ್ಲಿ ಸಗಣಿ ಹಾಕುತ್ತದೆ, ಅದನ್ನು ಮೂಸಿ ಇದು ನನ್ನ ಮನೆ ಎಂದು ಸಮಾಧಾನ ಮಾಡಿಕೊಳ್ಳುತ್ತದೆ. ನಿಮ್ಮ ಮನೆಯ ಬಾಗಿಲಲ್ಲಿ ನಿಮ್ಮ ಹೆಸರಿನ ಹಲಗೆ ಇರುವುದಿಲ್ಲವೇ, ಹಾಗೆ.

ಭೋಳಾ ಎಂಬ ಗಂಡು ಎಡಗಡೆಯ ಕೋಣೆಗೆ ಬಂದಾಗ ಪುಟ್ಟಮಾದಯ್ಯನ ಕಸುಬು ಎಂಥದ್ದು ಎಂದು ಕಂಡೆ. ಅವನು ದಿನವೂ ಒಂದು ಮಂಕರಿ ಸುಭದ್ರೆಯ ಸಗಣಿಯನ್ನು ಹೊತ್ತು ಭೋಳಾನ ಗುಡ್ಡೆಗೆ ಹಾಕಿದ, ಭೋಳಾನದನ್ನು ತಂದು ಇವಳ ಗುಡ್ಡೆಗೆ ಹಾಕಿದ. ಮೊದಮೊದಲು ಎರಡೂ ಬುಸುಗುಟ್ಟಿದವು, ನನಗೆ ಗುದ್ದಿದವು. ಇಪ್ಪತ್ತನೆಯ ದಿನದ ಹೊತ್ತಿಗೆ ಗುದ್ದುವುದು ನಿಂತಿತು. ಆಮೇಲೆ ನನ್ನ ಸಂದಿನಲ್ಲಿ ಮೂಗಿಗೆ ಮೂಗು ಇಟ್ಟು ನಿಲ್ಲತೊಡಗಿದವು. ಆಗ ಮೃಗಾಲಯದ ಮುಖ್ಯಸ್ಥರಾಗಿದ್ದ ಸಾಹೇಬರು ಯಾವಾಗ ತೆಗೀತೀಯಪ್ಪಾ ಎಂದು ಕೇಳಿದರೆ, "ಅವ್ಳು ಹೇಳ್ಬೇಕು ಸಾ, ನಾನಲ್ಲ," ಎನ್ನುತ್ತಿದ್ದ. ಬೆದೆಗೆ ಬಂದ ಹೆಣ್ಣು ಘೇಂಡಾ ಸಿಳ್ಳೆ ಹಾಕುತ್ತದೆ. ಐವತ್ತೆರಡನೆಯ ದಿನ ಬೆಳಿಗ್ಗೆ ಸುಭದ್ರೆ ನನ್ನ ಸಂದಿಗೆ ಬಾಯಿಟ್ಟು ಸಣ್ಣಗೆ ಸಿಳ್ಳೆ ಹಾಕಿದಳು. ಪುಟ್ಟಮಾದಯ್ಯ ಚಕ್ರ ತಿರುಗಿಸಿದ. ಎರಡು ವರ್ಷದೊಳಗೆ ಆ ಮನೆಯಲ್ಲಿ ಒಂದು ಮರಿ ಓಡಾಡಿತು.

ಮರಿ ಬೆಳೆದು ಬೇರೆ ಊರಿಗೆ ಹೋಯಿತು. ಭೋಳಾ ಮುದುಕನಾಗಿ ಸತ್ತ. ಸಾಹೇಬರುಗಳು ಬಂದರು, ಹೋದರು. ನಾನು ಏಳು ಜನರನ್ನು ಕಂಡೆ, ಯಾರ ಮೇಲೂ ನನಗೆ ದೂರಿಲ್ಲ. ಎಂಟನೆಯವರು ಬಂದ ಮೇಲೆ ನಮಗೆ ಶನಿ ಹೆಗಲೇರಿತು.

ಅವರು ಮೊದಲ ದಿನವೇ ಮೂಗಿಗೆ ಕರ್ಚೀಫು ಹಿಡಿದುಕೊಂಡು ಬಂದರು. "ಏನ್ರೀ ಇದು, ಸಗಣಿ ಗುಡ್ಡೆ ಇಟ್ಕೊಂಡು ಪೂಜೆ ಮಾಡ್ತಿದ್ದೀರಾ? ನೋಡೋಕೆ ಬಂದವರು ಏನಂದುಕೋಬೇಕು?" ಎಂದರು. ಪುಟ್ಟಮಾದಯ್ಯ ಬಾಯಿ ತೆರೆಯುವಷ್ಟರಲ್ಲಿ ಅವರು ಆಚೆಯ ಜಿರಾಫೆ ಮನೆ ಸೇರಿದ್ದರು. ಪ್ರಾಣಿಯನ್ನು ಸಾಕುವ ಜಾಗಕ್ಕೆ ಪ್ರಾಣಿಯ ವಾಸನೆಯೇ ಆಗದವರನ್ನು ಯಾಕೆ ಕಳಿಸುತ್ತಾರೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವರ ಕಾಲದಲ್ಲಿ ಭೋಳಾ ಇದ್ದ ಕೋಣೆಗೆ ಹೊಸ ಗಂಡು ಬಂತು. ಹೆಸರು ಮಂಗಲ್, ಸುಭದ್ರೆಗಿಂತ ಐನೂರು ಕಿಲೋ ಹೆಚ್ಚು, ಹುಟ್ಟಿದಾಗಿನಿಂದ ಒಂಟಿಯಾಗಿ ಬೆಳೆದದ್ದು. ಪುಟ್ಟಮಾದಯ್ಯ ಅವತ್ತೇ ಮಂಕರಿ ಎತ್ತಿಕೊಂಡ. ಆದರೆ ಹನ್ನೊಂದನೆಯ ದಿನಕ್ಕೆ ಸುದ್ದಿ ಬಂತು, ಮುಂದಿನ ಭಾನುವಾರ ಮಂತ್ರಿಗಳು ಬರುತ್ತಾರೆ, ಘೇಂಡಾ ಜೋಡಿಯನ್ನು ಒಟ್ಟಿಗೆ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ.

ನೋಡಿ, ಇಂಥ ತಪ್ಪನ್ನು ನಮ್ಮವರು ಮಾತ್ರ ಮಾಡಬಲ್ಲರು. ಮಂತ್ರಿ ಬರುತ್ತಾರೆ ಎಂದರೆ ಮೊದಲು ಬರುವುದು ಫಿನಾಯಿಲು, ಆಮೇಲೆ ಸುಣ್ಣಬಣ್ಣ. ಎರಡೂ ಕೋಣೆಯ ಗುಡ್ಡೆಗಳನ್ನು ಟ್ರ್ಯಾಕ್ಟರಿಗೆ ತುಂಬಿ ಸಾಗಿಸಿದರು. ಮೂರು ದಿನ ಫಿನಾಯಿಲು ಸುರಿದು ತೊಳೆದರು. ನೆಲಕ್ಕೆ ಹೊಸ ಟೈಲ್ಸ್ ಹಾಕಿದರು, ಬಚ್ಚಲಿಗೆ ಹಾಕುವಂಥದ್ದು. ನನಗೆ ಹಸಿರು ಬಣ್ಣ ಬಳಿದರು. ನನ್ನ ಕಂಬಿಗಳ ಮೇಲೆ ಸುಭದ್ರೆ ಇಷ್ಟು ವರ್ಷ ಉಜ್ಜಿ ಉಜ್ಜಿ ಇಟ್ಟಿದ್ದ ಅವಳ ವಾಸನೆ ಒಂದು ಮಧ್ಯಾಹ್ನದಲ್ಲಿ ಮುಚ್ಚಿಹೋಯಿತು. ಅವಳು ಬಂದು ನನ್ನನ್ನು ಮೂಸಿ, ತಲೆ ಕೊಡವಿ, ಮೂಲೆಗೆ ಹೋಗಿ ನಿಂತಳು. ಅವಳಿಗೆ ನನ್ನ ಗುರುತೇ ಸಿಗಲಿಲ್ಲ. ಟೈಲ್ಸ್ ಕೂರಿಸಿದ ಗಾರೆಯವನು ನಾನು ಜಾರುವ ತೋಡಿನೊಳಕ್ಕೆ ಎರಡು ಕರಣೆ ಸಿಮೆಂಟು ಚೆಲ್ಲಿ ಹೋಗಿದ್ದ. ಪುಟ್ಟಮಾದಯ್ಯ ತೋರಿಸಿದ. ಎಲ್ಲ ಪ್ರೋಗ್ರಾಂ ಮುಗಿದ ಮೇಲೆ ಎಂದು ಉತ್ತರ ಬಂತು.

ಶನಿವಾರ ಅವನು ಸಾಹೇಬರ ಮುಂದೆ ಕೈಕಟ್ಟಿ ನಿಂತ.

"ಸಾ, ಮೂಗ್ನ ಪರಿಚಯ್ವೇ ಆಗಿಲ್ಲ. ಆದಷ್ಟೂವೆ ಫಿನಾಯ್ಲಲ್ಲಿ ಕೊಚ್ಕೊಂಡ್ ಹೋಯ್ತು. ಅವ್ಳು ಇನ್ನೂ ಸಿಳ್ಳೆ ಹಾಕಿಲ್ಲ. ಈಗ ಬಾಗ್ಲು ತಗುದ್ರೆ ಅಂವ ಅವ್ಳ ಉಳ್ಸಕಿಲ್ಲ."

"ಸಿಳ್ಳೆ ಹಾಕೋದಕ್ಕೆ ಇದೇನು ಟೆಂಟ್ ಸಿನಿಮಾನಾ, ಪುಟ್ಟಮಾದಯ್ಯ?"

ಜೊತೆಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಆ ನಗುವನ್ನು ನಾನು ಕ್ಷಮಿಸಿಲ್ಲ. ಅವತ್ತು ಅವನು ನಗಬಾರದಿತ್ತು.

ಭಾನುವಾರ ಹನ್ನೊಂದು ಗಂಟೆಗೆ ಮಂತ್ರಿಗಳು ಕಟಕಟೆಯ ಆಚೆ ನಿಂತರು. ಸಾಹೇಬರು ಕೈ ಬೀಸಿದರು. ಪುಟ್ಟಮಾದಯ್ಯ ಚಕ್ರ ತಿರುಗಿಸಿದ. ತೋಡಿನ ಸಿಮೆಂಟನ್ನು ಕೆರೆದುಕೊಂಡು ನಾನು ಹೇಗೋ ತೆರೆದುಕೊಂಡೆ. ಸುಭದ್ರೆಯನ್ನು ಮಂಗಲ್‌ನ ಕಡೆಗೆ ಬಿಟ್ಟರು, ಆ ಕಡೆಯಿಂದ ಜನಕ್ಕೆ ಚೆನ್ನಾಗಿ ಕಾಣುತ್ತದಂತೆ. ಅವಳು ನಾಲ್ಕು ಹೆಜ್ಜೆ ಇಟ್ಟಿದ್ದಳಷ್ಟೆ. ಮಂಗಲ್ ಬಂದು ಎರಗಿತು. ಘೇಂಡಾ ಕೊಂಬಿನಿಂದಲ್ಲ, ಕೆಳದವಡೆಯ ಕೋರೆಹಲ್ಲಿನಿಂದ ಸೀಳುತ್ತದೆ. ಅವಳ ಪಕ್ಕೆ ಸೀಳಿತು. ಟೈಲ್ಸಿನ ಮೇಲೆ ಅವಳ ಕಾಲು ನಿಲ್ಲಲಿಲ್ಲ, ಜಾರಿ ಬಿದ್ದಳು, ಎದ್ದಳು, ತಿರುಗಿ ತನ್ನ ಕೋಣೆಗೆ ಓಡಿಬಂದಳು.

ಅಷ್ಟರಲ್ಲಿ ಯಾರೋ "ಮುಚ್ಚು, ಮುಚ್ಚು" ಎಂದು ಕೂಗಿದ್ದರು. ಪುಟ್ಟಮಾದಯ್ಯ ಅವಳು ಒಳಗೆ ಬರಲಿ ಎಂದು ತಡೆದ, ಸಾಹೇಬರು ಅವನ ಕೈಯ ಮೇಲೆ ಕೈಯಿಟ್ಟು ಚಕ್ರ ತಿರುಗಿಸಿದರು. ನಾನು ಅರ್ಧ ಜಾರಿ, ಆ ಸಿಮೆಂಟಿಗೆ ಸಿಕ್ಕಿ ನಿಂತೆ. ಮುಚ್ಚಲೂ ಆಗಲಿಲ್ಲ, ತೆರೆಯಲೂ ಆಗಲಿಲ್ಲ. ಉಳಿದದ್ದು ಎರಡಡಿ ಜಾಗ. ಅವಳು ಆ ಎರಡಡಿಯಲ್ಲಿ ತಲೆ ತೂರಿಸಿದಳು. ಹಿಂದಿನಿಂದ ಮಂಗಲ್ ಗುದ್ದಿತು. ಅವಳ ಎಡಗಣ್ಣು ನನ್ನ ಅಂಚಿಗೆ ತಾಗಿ ಹೋಯಿತು.

ಹತ್ತೊಂಬತ್ತು ವರ್ಷ ನಾನು ಅವಳನ್ನು ಕಾಪಾಡಿದ್ದೆ. ಅವಳ ಕಣ್ಣನ್ನು ತೆಗೆದದ್ದೂ ನಾನೇ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನನ್ನನ್ನು ಆ ಸ್ಥಿತಿಗೆ ತಂದವರು ಯಾರು ಎಂದು ಯಾರಾದರೂ ಕೇಳಬೇಡವೇ? ನೀರಿನ ಪೈಪು ಬಿಟ್ಟು, ತಗಡು ಬಡಿದು, ಮಂಗಲ್‌ನನ್ನು ಹೇಗೋ ಅಂಗಳಕ್ಕೆ ಓಡಿಸಿದರು. ಮಂತ್ರಿಗಳು ಆಗಲೇ ಕಾರು ಹತ್ತಿದ್ದರು.

ವಿಚಾರಣೆ ಎಂದರು. ಸಾಹೇಬರು ಟೈಪು ಮಾಡಿಸಿದ ಒಂದು ಹಾಳೆ ಹಿಡಿದುಕೊಂಡು ನನ್ನ ಮುಂದೆಯೇ ಬಂದು ನಿಂತರು. ಈ ಸಲ ದನಿ ಬೆಣ್ಣೆಯಂತಿತ್ತು.

"ಬಾಗಿಲು ಕೆಟ್ಟಿತ್ತು, ಬೇರೆ ಏನೂ ಕಾರಣ ಇಲ್ಲ ಅಂತ ಸಹಿ ಮಾಡಿ. ಇಲ್ಲದಿದ್ರೆ ಚಕ್ರ ತಿರುಗಿಸಿದವರು ಯಾರು ಅಂತ ಪ್ರಶ್ನೆ ಬರುತ್ತೆ. ಸಸ್ಪೆಂಡ್ ಆದವರು ಗೇಟಿನೊಳಗೆ ಕಾಲಿಡೋ ಹಾಗಿಲ್ಲ, ಗೊತ್ತಲ್ಲ? ಆಮೇಲೆ ಸುಭದ್ರೆಗೆ ಔಷಧಿ ಯಾರು ತಿನ್ನಿಸ್ತಾರೆ?"

ಅದೇ ನೋಡಿ, ಅವರು ಹಾಕಿದ ಗಾಳ. ಆಗ ಸುಭದ್ರೆ ಬೇರೆ ಯಾರ ಕೈಯಿಂದಲೂ ಒಂದು ಎಲೆ ಮುಟ್ಟುತ್ತಿರಲಿಲ್ಲ. ಬಾಳೆಹಣ್ಣಿನೊಳಗೆ ಮಾತ್ರೆ ಹುದುಗಿಸಿ ಅವನು ಕೊಟ್ಟರೆ ತಿನ್ನುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಅವನು ಹೋದರೆ ಅವಳು ಸಾಯುತ್ತಾಳೆ. ಅವನು ಹಾಳೆಯನ್ನು ನನ್ನ ಅಡ್ಡಪಟ್ಟಿಯ ಮೇಲಿಟ್ಟು, ನನ್ನ ಮೈಮೇಲೆಯೇ, ಸಹಿ ಹಾಕಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ವಾರದೊಳಗೆ ಗ್ಯಾಸ್ ಕಟರಿನವರು ಬಂದು ನನ್ನನ್ನು ಕೊಯ್ದು ಹೊರಗೆಳೆದರು. ನನ್ನ ಜಾಗಕ್ಕೆ ಗುಂಡಿ ಒತ್ತಿದರೆ ಸರಿಯುವ ತಗಡಿನ ಬಾಗಿಲು ಬಂತು, ಒಂದೇ ಒಂದು ಸಂದಿಲ್ಲದ್ದು.

ಒಂದು ವರ್ಷ ಇಲ್ಲಿ ಮಳೆಗೆ ನೆನೆದೆ, ಬಿಸಿಲಿಗೆ ಕಾದೆ. ಪುಟ್ಟಮಾದಯ್ಯ ದಿನವೂ ಮೇವಿಗೆ ಬರುತ್ತಿದ್ದ, ನನ್ನನ್ನು ಸುತ್ತುಬಳಸಿ ಹೋಗುತ್ತಿದ್ದ. ಸುಭದ್ರೆ ಬದುಕಿಕೊಂಡಳು ಎಂಬುದು ಉಗ್ರಾಣದವರ ಮಾತಿನಿಂದ ತಿಳಿಯಿತು. ಸಂತೋಷವಾಯಿತು. ಅವನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಅವಳನ್ನು ಉಳಿಸಲು ಸುಳ್ಳು ಹೇಳಿದ, ಒಪ್ಪಿದೆ. ಅವಳು ಹುಷಾರಾದ ಮೇಲಾದರೂ ನಿಜ ಹೇಳಬಹುದಿತ್ತಲ್ಲ. ಸುಮ್ಮನಿದ್ದ. ಸುಮ್ಮನಿರುವುದು ಅವನಿಗೆ ರೂಢಿಯಾಗಿತ್ತು.

ಹೋದ ವಾರ ಸಾಹೇಬರು ಉಗ್ರಾಣ ನೋಡಲು ಬಂದರು. ಪುಟ್ಟಮಾದಯ್ಯ ಹಿಂದೆಯೇ ಓಡಿಬಂದ. ನನ್ನ ಪಕ್ಕದಲ್ಲೇ ಮಾತು ನಡೆಯಿತು.

"ಸಾ, ಬರೋ ಭಾನ್ವಾರ ಮತ್ತೆ ಎರಡ್ನೂ ಬುಡ್ತೀವಿ ಅಂತವ್ರೆ, ದಿಟವಾ?"

"ಹೌದು. ಹೋದ ವರ್ಷದ ಕಾರ್ಯಕ್ರಮ ಹಾಗೇ ನಿಂತಿದೆಯಲ್ಲ."

"ಬ್ಯಾಡಿ ಸಾ. ಒಕ್ಕಣ್ಣಲ್ಲಿ ಅಂವ ಬರೋದೂ ಕಾಣಕಿಲ್ಲ ಅವ್ಳಿಗೆ. ತಗಡು ಬಾಗ್ಲಲ್ಲಿ ವಾಸ್ನೆನೂ ತೂರಕಿಲ್ಲ. ಈ ಸಲ ಸಾಯ್ತಾಳೆ. ಎರಡು ತಿಂಗ್ಳು ಕೊಡಿ, ನಾನು ಪರಿಚಯ ಮಾಡಿಸ್ತೀನಿ."

ಸಾಹೇಬರು ನಿಂತರು. "ಪುಟ್ಟಮಾದಯ್ಯ, ಹೋದ ಸಲ ಆಗಿದ್ದು ಬಾಗಿಲು ಕೆಟ್ಟಿದ್ದಕ್ಕೆ, ಬೇರೆ ಕಾರಣ ಇಲ್ಲ ಅಂತ ಬರೆದುಕೊಟ್ಟವರು ನೀವೇ. ಈಗ ಬಾಗಿಲು ಹೊಸದು. ಇನ್ನೇನು ಭಯ?"

ಅವರು ಹೋದರು. ಅವನು ಅಲ್ಲೇ ನನ್ನ ಮೇಲೆ ಕುಳಿತ. ಅವನ ಭಾರವನ್ನು ತಳ್ಳಿಬಿಡುವ ಶಕ್ತಿ ನನಗಿದ್ದಿದ್ದರೆ ತಳ್ಳುತ್ತಿದ್ದೆ. ಕೊನೆಗೆ ಎದ್ದು ಉಗ್ರಾಣದ ಗುಮಾಸ್ತರಿಂದ ಒಂದು ಹಾಳೆ, ಒಂದು ಪೆನ್ನು ಕೇಳಿ ತಂದ. ನನ್ನ ಮೇಲೆಯೇ ಹರಡಿಕೊಂಡು, ಬರೆದದ್ದನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದ.

"ಹಿಂದೆ ನಾನು ಬರೆದುಕೊಟ್ಟಿದ್ದು ಸುಳ್ಳು. ಬಾಗಿಲು ಸರಿಯಾಗಿತ್ತು. ತೋಡಿನಲ್ಲಿ ಸಿಮೆಂಟು ಬಿದ್ದಿತ್ತು. ಪ್ರಾಣಿಗಳಿಗೆ ಪರಿಚಯ ಆಗಿರಲಿಲ್ಲ. ತೆಗೆಯಬೇಡಿ ಎಂದು ಹೇಳಿದ್ದೆ, ತೆಗೆಸಿದರು. ತಿರುಗಿಸಿದ್ದು ನಾನು. ಈಗಲೂ ಪರಿಚಯ ಆಗಿಲ್ಲ. ಈ ಭಾನುವಾರ ಸುಭದ್ರೆ ಸತ್ತರೆ ಇದನ್ನು ಓದಿದವರೇ ಜವಾಬ್ದಾರರು."

ಒಂದು ಪ್ರತಿಯನ್ನು ಇಲ್ಲಿಯ ಕಚೇರಿಗೂ ಇನ್ನೊಂದನ್ನು ಮೇಲಿನ ಕಚೇರಿಗೂ ಕೊಟ್ಟು ಎರಡಕ್ಕೂ ಮೊಹರು ಹಾಕಿಸಿಕೊಂಡನಂತೆ, ಉಗ್ರಾಣದವರು ಮಾತಾಡಿಕೊಂಡರು. ಮೊಹರು ಬಿದ್ದ ಕಾಗದಕ್ಕೆ ಇವರು ಘೇಂಡಾಕ್ಕಿಂತ ಹೆಚ್ಚು ಹೆದರುತ್ತಾರೆ. ಮರುದಿನವೇ ಭಾನುವಾರದ ಕಾರ್ಯಕ್ರಮವನ್ನು ಮುಂದೂಡಿದರು. ಅದರ ಮರುದಿನ ಪುಟ್ಟಮಾದಯ್ಯನನ್ನು ಸುಳ್ಳು ಹೇಳಿಕೆ ಕೊಟ್ಟದ್ದಕ್ಕಾಗಿ ಅಮಾನತು ಮಾಡಿದರು. ಸುಳ್ಳು ಬರೆಸಿದವರು ಅದೇ ಕುರ್ಚಿಯಲ್ಲಿದ್ದಾರೆ.

ಇವತ್ತು ಬೆಳಿಗ್ಗೆ ಅವನು ಬೀಗದ ಕೈ ಒಪ್ಪಿಸಲು ಉಗ್ರಾಣಕ್ಕೆ ಬಂದಿದ್ದ. ತೆಗೆದುಕೊಳ್ಳಲು ಆನೆ ವಿಭಾಗದ ಜವರಪ್ಪ ಬಂದಿದ್ದ, ಅವನ ವಾರಿಗೆಯವನೇ.

"ದಿನಾ ಒಂದು ಮಂಕರಿ ಅತ್ತಿಂದಿತ್ತ ಹಾಕು. ಅವ್ಳು ಸಿಳ್ಳೆ ಹಾಕೋಗಂಟ ಗುಂಡಿ ಒತ್ಬ್ಯಾಡ ಕನ ಜವರಪ್ಪ. ಯಾರೇ ಹೇಳ್ಲಿ."

"ಸಾಹೇಬ್ರೇ ನಿಂತ್ಕಂಡು ಒತ್ತು ಅಂದ್ರೆ ಏನ್ ಮಾಡ್ಲಿ?"

"ಬರ್ದು ಸಹಿ ಹಾಕ್ಕೊಡಿ ಅನ್ನು."

ಜವರಪ್ಪ ತಲೆಯಾಡಿಸಿ ಬೀಗದ ಕೈ ತೆಗೆದುಕೊಂಡ. ಪುಟ್ಟಮಾದಯ್ಯ ಹೋಗುವಾಗ ನನ್ನನ್ನು ಸುತ್ತುಬಳಸಿ ಹೋಗಲಿಲ್ಲ, ಹತ್ತಿರ ಬಂದು ನನ್ನ ಅಡ್ಡಪಟ್ಟಿಯ ಮೇಲೆ ಒಮ್ಮೆ ಕೈಯಿಟ್ಟು ಹೋದ. ನಾಳೆ ಗುಜರಿ ಲಾರಿ ಬಂದು ನನ್ನನ್ನು ಒಯ್ಯುತ್ತದಂತೆ. ನನ್ನನ್ನು ಕರಗಿಸುತ್ತಾರೆ, ಆಗಲಿ. ಬಾಗಿಲು ಸರಿಯಾಗಿತ್ತು ಎಂದು ಅವನು ಬರೆದಿದ್ದಾನೆ. ಆ ಒಂದು ಸಾಲು ಒಂದು ವರ್ಷ ಮೊದಲು ಬಂದಿದ್ದರೆ ಹೊರಗೆ ಹೋಗುವವನು ಅವನೊಬ್ಬನೇ ಆಗಿರುತ್ತಿರಲಿಲ್ಲ, ಹೋಗಬೇಕಾದವರೂ ಹೋಗುತ್ತಿದ್ದರು. ಅದಕ್ಕೇ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.