ಮೆಷಿನು ತಿಂದದ್ದೆಲ್ಲ ಟ್ಯಾಂಕಿನಲ್ಲಿ

ಕಾಪುವಿನ ನಮ್ಮ ಓಣಿಯಲ್ಲಿ ಆ ವರ್ಷ ಎಲ್ಲರ ಬಾಯಲ್ಲೂ ಒಂದೇ ಮಾತು: "ಎಂತ ವಾಸನೆ ಮಾರಾಯ್ರೆ!" ವಾಸನೆ ಬರುತ್ತಿದ್ದದ್ದು ನನ್ನ ಪಕ್ಕದ ಮನೆಯಿಂದ, ಸಾರಮ್ಮನ ಹೊಸ ತಾರಸಿ ಮನೆಯಿಂದ. ಹೇಳಿದರೆ ಅವಳಿಗೆ ಕೋಪ. ಹೇಳದಿದ್ದರೆ ನಮಗೆ ಊಟ ಸೇರುವುದಿಲ್ಲ.

ಎಲ್ಲದಕ್ಕೂ ಮೂಲ ಒಂದು ಮೆಷಿನು. ಸಾರಮ್ಮನ ಮಗ ಹಕೀಂ ಅದನ್ನು ಬಹರೈನಿನಿಂದ ತಂದು ಅಡುಗೆಮನೆಯ ಸಿಂಕಿನ ಕೆಳಗೆ ಕೂರಿಸಿದ್ದ. ಸಿಂಕಿಗೆ ಹಾಕಿದ ಕಸವನ್ನು ಗರಗರ ಅರೆದು ನೀರಿನೊಂದಿಗೆ ಕೆಳಗೆ ಬಿಡುವುದು ಅದರ ಕೆಲಸ. ಮೊದಲು ತೆಂಗಿನ ಬುಡಕ್ಕೆ ಹೋಗುತ್ತಿದ್ದ ಸಿಂಕಿನ ಪೈಪನ್ನು ಕಕ್ಕಸಿನ ಸೆಪ್ಟಿಕ್ ಟ್ಯಾಂಕಿಗೆ ತಿರುಗಿಸಿ, ಹಕೀಂ ವಿಮಾನ ಹತ್ತಿದ.

ಮಗ ತಂದದ್ದಲ್ಲವೇ! ನೋಡಲು ಬಂದವರಿಗೆಲ್ಲ ಸಾರಮ್ಮ ಅದಕ್ಕೆ ತಿನ್ನಿಸಿ ತೋರಿಸಿದಳು. ಬಂಗುಡೆ ಮುಳ್ಳು, ಹಾಲು ಹಿಂಡಿದ ತೆಂಗಿನ ತುರಿ, ಗುಳ್ಳ ಬದನೆಯ ತೊಟ್ಟು, ಕರಿದ ಎಣ್ಣೆಯ ಜಿಡ್ಡು. ನನ್ನ ದನಕ್ಕೆಂದು ನಾನು ದಿನಾ ಆ ಮನೆಯಿಂದ ಅಕ್ಕಚ್ಚು ತರುತ್ತಿದ್ದೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ. ನನ್ನ ಬಕೆಟು ಈಗ ಖಾಲಿ ಬರತೊಡಗಿತು.

"ನಮ್ಮಲ್ಲಿ ಇನ್ನು ಕಸವೇ ಇಲ್ಲ ಕುಶಲಕ್ಕ," ಎಂದು ಸಾರಮ್ಮ ನನಗೆ ಹೇಳಿದಳು. ಕಸವೇ ಇಲ್ಲವಂತೆ!

ಅಷ್ಟರಲ್ಲಿ ಸಾರಮ್ಮನ ಮಗಳು ನಬೀಸಾ ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಳು. ಅವಳು ಬಂದ ವಾರವೇ ಕಕ್ಕಸಿನ ನೀರು ಇಳಿಯದೆ ಮೇಲಕ್ಕೆ ಉಕ್ಕಿತು. ಟ್ಯಾಂಕ್ ಖಾಲಿ ಮಾಡಿಸಿದರು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ತುಂಬಿದ ಬಸುರಿ ಹೊಟ್ಟೆ ಹಿಡಿದುಕೊಂಡು ಬೇಲಿ ದಾಟಿ ನಮ್ಮ ಕಕ್ಕಸಿಗೆ ಬರುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಸಾರಮ್ಮನದು ಒಂದೇ ಹಟ: "ಟ್ಯಾಂಕ್ ಕಟ್ಟಿದ ಮೇಸ್ತ್ರಿಯೇ ಸರಿ ಇಲ್ಲ."

ನಬೀಸಾಳನ್ನು ನೋಡಲು ಬಂದ ಆರೋಗ್ಯ ಕಾರ್ಯಕರ್ತೆ ಎಲಿಜಬೆತ್ ಬಾಯಿ ಅಂಗಳದಲ್ಲೇ ಮೂಗು ಮುಚ್ಚಿ ನಿಂತರು.

"ಸಾರಮ್ಮ, ಟ್ಯಾಂಕಿಗೆ ಎಂತೆಲ್ಲ ಹೋಗ್ತದೆ?"

"ಎಂತ ಇಲ್ಲ ಬಾಯಿ. ಮೆಷಿನು ಎಲ್ಲ ನುಣ್ಣಗೆ ಅರೆದು ಬಿಡ್ತದೆ."

"ಅರೆದರೆ ಮಾಯ ಆಗ್ತದಾ? ಟ್ಯಾಂಕಿನೊಳಗಿನ ಸಣ್ಣ ಜೀವಿಗಳು ಮಲವನ್ನು ನಿಧಾನ ಕರಗಿಸ್ತವೆ. ಅದರ ಮೇಲೆ ದಿನಾ ತೆಂಗಿನ ತುರಿ, ಮುಳ್ಳು, ಎಣ್ಣೆ ಸುರಿದರೆ? ತಳದಲ್ಲಿ ಕೆಸರು, ಮೇಲೆ ಜಿಡ್ಡು. ಟ್ಯಾಂಕಿನ ನೀರು ಇಂಗುವ ಗುಂಡಿ ಕಟ್ಟಿಕೊಂಡು ಕೊಳಕು ನೀರು ಹೊರಗೆ ಬರ್ತದೆ. ಅಲ್ಲೇ ನಿಮ್ಮ ಬಾವಿ ಉಂಟು. ಹುಟ್ಟುವ ಮಗುವಿಗೆ ಆ ನೀರಿನಲ್ಲಿ ಸ್ನಾನವಾ?"

"ಹಾಗಂತ ಮಗ ತಂದದ್ದನ್ನು ಬಿಸಾಡಲಿಕ್ಕೆ ಆಗ್ತದಾ?"

ಒಳಗಿನಿಂದ ನಬೀಸಾ ಬಂದಳು. ಕೈಯಲ್ಲಿ ಬಟ್ಟೆಯ ಚೀಲ.

"ಉಮ್ಮಾ, ನಾನು ಗಂಡನ ಮನೆಗೆ ಹೋಗ್ತೇನೆ. ಅಲ್ಲೇ ಹೆರುತ್ತೇನೆ. ನೀವು ಇಲ್ಲಿ ಮೆಷಿನಿಗೆ ಬಾಣಂತನ ಮಾಡಿ."

ಸಾರಮ್ಮ ಮಗಳ ಕೈಯಿಂದ ಚೀಲ ಕಿತ್ತುಕೊಂಡು ಒಳಗೆ ಹೋದವಳು ಮೊದಲು ಮಾಡಿದ್ದು ಮೆಷಿನಿನ ಪ್ಲಗ್ ಕಿತ್ತದ್ದು.

ಟ್ಯಾಂಕ್ ಮತ್ತೊಮ್ಮೆ ಖಾಲಿಯಾಯಿತು. ಸಿಂಕಿನ ಪೈಪು ತೆಂಗಿನ ಬುಡಕ್ಕೆ ಮರಳಿತು. ಎಲಿಜಬೆತ್ ಬಾಯಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿ, ಕುದಿಸಿದ ನೀರನ್ನೇ ಕುಡಿಯಿರಿ ಎಂದರು. ಮೀನಿನ ಮುಳ್ಳಿಗೆ ಹಿತ್ತಿಲಲ್ಲಿ ಗುಂಡಿ, ಮೇಲೆ ಮಣ್ಣು. ಸಿಪ್ಪೆ ನನ್ನ ಬಕೆಟಿಗೆ. ನಬೀಸಾ ತಾಯಿಮನೆಯಲ್ಲೇ ಹೆಣ್ಣು ಹೆತ್ತಳು. ಮೆಷಿನು ಈಗ ಶೋಕೇಸಿನಲ್ಲಿದೆ. ಬಂದವರಿಗೆ ಸಾರಮ್ಮ ಈಗಲೂ ತೋರಿಸುತ್ತಾಳೆ, ತಿನ್ನಿಸುವುದಿಲ್ಲ.

ಅಕ್ಕಂದಿರೇ, ನಿಮ್ಮ ಮನೆಗೆ ಇಂಥ ಮೆಷಿನು ಬಾರದಿರಬಹುದು. ಆದರೆ ಎಂಜಲು, ಎಣ್ಣೆ, ಚಾ ಸೋಸಿದ ಚರಟ ಕಕ್ಕಸಿಗೆ ಸುರಿಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಸಿಂಕಿಗೆ ಒಂದು ಜಾಲರಿ ಇಡಿ. ಅಡುಗೆಮನೆಯ ಕಸ ದನಕ್ಕೋ ಗೊಬ್ಬರದ ಗುಂಡಿಗೋ ಹೋಗಲಿ. ಹೆರಿಗೆಗೆ ಬಂದ ನಿಮ್ಮ ಮಗಳು ಪಕ್ಕದ ಮನೆಯ ಬೇಲಿ ದಾಟುವ ಹಾಗೆ ಮಾಡಬೇಡಿ.