ಕಾಗೆ ಮುಟ್ಟದ ಎಡೆ

ಮುನಿವೆಂಕಟಯ್ಯ ಸತ್ತು ಇದು ಮೂರನೇ ಪಿತೃಪಕ್ಷ. ಹಿಂದಿನ ಎರಡು ವರ್ಷವೂ ಅವನಿಗಿಟ್ಟ ಎಡೆಯನ್ನು ಕಾಗೆ ಮುಟ್ಟಿರಲಿಲ್ಲ. ಪುಟ್ಟೇನಹಳ್ಳಿಯ ತುಂಬ ಅಪಾರ್ಟ್‌ಮೆಂಟ್ ಎದ್ದ ಮೇಲೆ ಕಾಗೆಗಳೆಲ್ಲಿ, ಇರುವುದೆಲ್ಲ ಪಾರಿವಾಳ ಎಂದು ಮಗ ಭೀಮರಾಜ್ ಎಷ್ಟು ಹೇಳಿದರೂ ತಾಯಿ ರಾಮಲಕ್ಷ್ಮಮ್ಮನ ಕಿವಿಗೆ ಇಳಿಯಲಿಲ್ಲ. ಪಕ್ಕದ ಮನೆಯ ಯಶೋಧಾ ಹೇಳಿದ್ದು ಮಾತ್ರ ನೇರ ಎದೆಗೇ ಇಳಿಯಿತು: "ಯಜಮಾನ್ರಿಗೆ ಇನ್ನೂ ಕ್ವಾಪ ಓಗಿಲ್ಲ ಕಣಕ್ಕ."

ಕೋಪವಿಲ್ಲದೆ ಇನ್ನೇನು? "ಉಪ್ಪಿಗಿಂತ ರುಚಿಯಿಲ್ಲ" ಎಂದು ದಿನಾ ಗಾದೆ ಹೇಳುತ್ತಿದ್ದ ಮನುಷ್ಯ. ಬಿ.ಪಿ. ಜಾಸ್ತಿ ಎಂದು ಡಾಕ್ಟರು ಬಾಯಿಬಿಟ್ಟದ್ದೇ ತಡ, ರಾಮಲಕ್ಷ್ಮಮ್ಮ ಉಪ್ಪಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಳು. ಅವನು ಕೊನೆಯ ದಿನ ತಟ್ಟೆ ದೂಡಿ, "ನಿನ್ ಕೈಯಿಂದ ಇನ್ನೊಂದ್ ತುತ್ತೂ ತಿನ್ನಕಿಲ್ಲ ಓಗು" ಎಂದು ಮಗ್ಗುಲಾದ. ಆಮೇಲೆ ಎದ್ದಿದ್ದರೆ ತಾನೆ!

ಈ ಸಲ ಹಬ್ಬದ ಹೊತ್ತಿಗೇ ಭೀಮರಾಜ್ ಮನೆ ಹಿಂದಿನ ನೀಲಗಿರಿ ತೋಪನ್ನು ಒಂದು ಶಿಬಿರಕ್ಕೆ ಬಾಡಿಗೆಗೆ ಕೊಟ್ಟಿದ್ದ. ದಟ್ಟ ಕಾಡಿನಲ್ಲಿ ಸಿಕ್ಕಿಹಾಕಿಕೊಂಡರೆ ಜೀವ ಉಳಿಸಿಕೊಳ್ಳುವುದು ಹೇಗೆ ಎಂದು ಕಲಿಸುವ ಶಿಬಿರವಂತೆ. ದಟ್ಟ ಕಾಡಿನ ಈ ಕಡೆ ಅಪಾರ್ಟ್‌ಮೆಂಟಿನ ಈಜುಕೊಳ, ಆ ಕಡೆ ಬಿರಿಯಾನಿ ಹೋಟೆಲು. ಕಲಿಸುವವನು ರವಿಕಿರಣ. ಆದರೆ ಎಲ್ಲರೂ ಕಮಾಂಡರ್ ಎನ್ನಬೇಕು. ಪ್ಯಾಂಟಿನಲ್ಲಿ ಎಷ್ಟು ಜೇಬಿವೆ ಎಂದು ಅವನಿಗೇ ಗೊತ್ತಿದ್ದಂತಿರಲಿಲ್ಲ.

"ಗೈಸ್, ಇಲ್ಲಿ ಅಮ್ಮನೂ ಇಲ್ಲ, ಆ್ಯಪೂ ಇಲ್ಲ. ಕಾಡು ಕೊಟ್ಟಿದ್ದು ತಿನ್ಬೇಕು, ಇಲ್ದಿದ್ರೆ ಉಪವಾಸ. ನಾನೂ ಅಷ್ಟೇ. ಹಸಿವು ಅನ್ನೋದು ಬರೀ ಮೈಂಡ್‌ಸೆಟ್!" ಎಂದು ಅವನು ಗುಡುಗಿದ್ದು ಅಡುಗೆಮನೆಗೂ ಕೇಳಿಸಿತು.

ನೀಲಗಿರಿ ಸೊಪ್ಪಿಗೆ ಮೇಕೆಯೂ ಬಾಯಿ ಹಾಕುವುದಿಲ್ಲ. ಪಾಪ, ಶಿಬಿರಕ್ಕೆಂದು ಬಂದಿದ್ದ ಆಫೀಸಿನ ಮಕ್ಕಳು ಕಡ್ಡಿಗೆ ಕಡ್ಡಿ ಉಜ್ಜಿ ಅಂಗೈ ಬೊಬ್ಬೆ ಮಾಡಿಕೊಂಡರು. ಗೆಡ್ಡೆ ಹುಡುಕುತ್ತೇವೆಂದು ರಾಮಲಕ್ಷ್ಮಮ್ಮನ ಡೇರೆ ಹೂವಿನ ಗಿಡಗಳನ್ನೆಲ್ಲ ಕಿತ್ತರು. ಬೈಯಲು ಹೋದವಳು ಅವರ ಮುಖ ನೋಡಿ ಕರಗಿ, ಮುದ್ದೆ ಸಾರು ಹೊತ್ತುಕೊಂಡು ಬಂದಳು. ಕಮಾಂಡರ್ ಕೈ ಅಡ್ಡ ಹಿಡಿದ.

"ಅಮ್ಮಾ ಪ್ಲೀಸ್, ನನ್ ಟೀಮ್ ಕೆಡಿಸ್ಬೇಡಿ."

"ಮನೆ ಇತ್ಲಲ್ಲಿ ಜನ ಅಸ್ಕೊಂಡಿದ್ರೆ ನಮ್ಗೆ ತುತ್ತು ಇಳೀತದೇನಪ್ಪಾ?"

ಅವನು ಕೇಳಲಿಲ್ಲ. ಅವನ ವಂಶವನ್ನೆಲ್ಲ ಹರಸುತ್ತ ಅವಳು ವಾಪಸು ಬಂದಳು.

ಅಮಾವಾಸ್ಯೆಯ ದಿನ ಮನೆಮಂದಿಗೆ ಸೊಸೆ ಸುಮಾ ಅಡುಗೆ ಮಾಡಿದಳು. ಎಡೆಯದು ಮಾತ್ರ ಎಂದಿನಂತೆ ರಾಮಲಕ್ಷ್ಮಮ್ಮನದೇ ಕೈ. ತಲೆಗೆ ನೀರು ಹಾಕಿಕೊಂಡು, ಪುಟ್ಟ ಮಡಕೆಯಲ್ಲಿ ಗಂಡನಿಗೆ ಪ್ರಾಣವಾಗಿದ್ದ ಮಟನ್ ಸಾರು ಮಾಡಿದಳು. ಎಡೆಯ ಅಡುಗೆಯ ರುಚಿ ನೋಡುವಂತಿಲ್ಲ. ಮುದ್ದೆ, ಸಾರು, ವಡೆ, ಬ್ರಾಂದಿಯ ಪುಟ್ಟ ಬಾಟಲಿ, ಎಲ್ಲ ಮಹಡಿಯ ಮೇಲೆ ಎಲೆ ಸೇರಿತು. ಭೀಮರಾಜ್ ಕಾ ಕಾ ಎಂದು ಗಂಟಲು ಕಿತ್ತುಕೊಂಡ. ಪಾರಿವಾಳಗಳು ಬಂದು, ಮಟನ್ ನೋಡಿ, ಹಾರಿಹೋದವು. ಹಸಿದ ಮನೆಮಂದಿ ಕೆಳಗಿಳಿದರು.

ರಾಮಲಕ್ಷ್ಮಮ್ಮ ಒಬ್ಬಳೇ ನೀರಿನ ಟ್ಯಾಂಕಿನ ಹಿಂದೆ ಕೂತಳು. "ಈ ಸಲ್ವೂ ಮುಟ್ದೆ ಓದ್ರೆ, ನಾನ್ ಸತ್ತು ಯಾವ್ ಮಕ ಒತ್ಕೊಂಡು ನಿನ್ನತ್ರ ಬರ್ಲಿ?" ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಆಗ ಹಿಂದಿನ ಕಬ್ಬಿಣದ ಮೆಟ್ಟಿಲು ಕಿರ್ರೆಂದಿತು. ಮುಖಕ್ಕೆಲ್ಲ ಕೆಸರು, ಟೋಪಿಗೆ ಸೊಪ್ಪು. ಮೊಣಕೈ ಮೇಲೆ ತೆವಳುತ್ತ ಬಂದ ಕಮಾಂಡರ್ ನೇರವಾಗಿ ಎಡೆಗೇ ಕೈ ಹಾಕಿದ!

"ಯಾವನೋ ಅದು?"

ಬಾಯಲ್ಲಿ ತುಂಡು, ಕೈಯಲ್ಲಿ ತುಂಡು. ಅವನ ಇಂಗ್ಲಿಷೆಲ್ಲ ಎತ್ತಲೋ ಹೋಗಿ ಊರಿನ ಮಾತು ಹೊರಬಿತ್ತು. "ಯವ್ವಾ, ನಿಮ್ಮ ಕಾಲಿಗೆ ಬೀಳ್ತೇನ್ರಿ, ಹುಡುಗ್ರಿಗೆ ಹೇಳಬ್ಯಾಡ್ರಿ. ಹೊಟ್ಟಿ ಹಸದು ಕಣ್ಣಿಗೆ ಕತ್ತಲಿ ಬಂದೈತ್ರಿ!"

ಪೊರಕೆ ಎತ್ತಿದ ರಾಮಲಕ್ಷ್ಮಮ್ಮ ಹಾಗೇ ನಿಂತಳು. ಹಸಿದ ಜೀವವೊಂದು ತಾನಾಗಿ ಬಂದು ಎಡೆ ಮುಟ್ಟಿದೆ. ಕದ್ದು ತಿಂದರೇನಂತೆ, ಕಾಗೆ ಏನು ಕೇಳಿ ತಿನ್ನುತ್ತದೆಯೇ?

"ಏಳಕಿಲ್ಲ. ಒಂದ್ಸಲ ಕಾ ಅನ್ನು."

"ಏನ್ರಿ?"

"ಕಾ ಅನ್ನು ಅಂದ್ನಲ್ಲ! ಜೋರಾಗಿ!"

ಬೆಳಿಗ್ಗೆಯಷ್ಟೇ ಶಿಷ್ಯರಿಗೆ ಹಕ್ಕಿಯ ಕೂಗು ಕಲಿಸಿದ್ದ ಕಮಾಂಡರ್ ಕತ್ತು ಚಾಚಿ "ಕಾ, ಕಾ" ಎಂದ. ಚೆನ್ನಾಗಿಯೇ ಅಂದ. ಕೆಳಗೆ ಭೀಮರಾಜ್, "ಬಂತು! ಅಪ್ಪ ಬಂದ್ರು! ಎಲೆ ಆಕ್ರೋ!" ಎಂದು ಕೂಗಿದ. ಯಶೋಧಾಳ ಕಿಟಕಿ ಪಟ್ಟನೆ ತೆರೆಯಿತು.

ರಾಮಲಕ್ಷ್ಮಮ್ಮನಿಗೆ ಮೈಯೆಲ್ಲ ಹಗುರವಾಯಿತು. "ತಿನ್ನಪ್ಪಾ, ಪೂರ್ತಿ ತಿನ್ನು. ಎಂಗೈತೆ ಸಾರು?"

ಕಮಾಂಡರ್ ತಲೆ ತಗ್ಗಿಸಿದ. ಕೈಯಲ್ಲಿದ್ದ ತುಂಡು ಬಾಯಿಗೆ ಏರುತ್ತಿರಲಿಲ್ಲ.

"ಸಿಟ್ಟಾಗಬ್ಯಾಡ್ರಿ ಯವ್ವಾ. ಉಪ್ಪ ಹಾಕೋದು ಮರ್ತೀರಿ."

ಅವಳು ಬೆರಳದ್ದಿ ನಾಲಿಗೆಗಿಟ್ಟಳು. ಒಂದು ಹರಳೂ ಇಲ್ಲ. ಡಬ್ಬಿಗೆ ಬೀಗ ಬಿದ್ದಂದಿನಿಂದ ಅವನಿಗೆಂದು ಒಲೆ ಹಚ್ಚಿದರೆ ಅವಳ ಕೈ ಉಪ್ಪಿನ ಕಡೆಗೇ ಹೋಗುತ್ತಿರಲಿಲ್ಲ. ಹೋದ ವರ್ಷವೂ ಇದೇ ಮಡಕೆ, ಅದರ ಹಿಂದಿನ ವರ್ಷವೂ ಇದೇ ಕೈ.

"ಅಯ್ಯೋ, ನನ್ ಕೈ ಸೇದೋಗ! ಸತ್ ಮ್ಯಾಲೂ ಪಥ್ಯ ಮಾಡಿಸ್ತಿದ್ನಲ್ಲೋ ನಿಂಗೆ!"

ನಗುವೂ ಅಳುವೂ ಒಟ್ಟಿಗೇ ಬಂದು, ಕಣ್ಣೊರೆಸಿಕೊಳ್ಳುತ್ತ ಅವಳು ಮೆಟ್ಟಿಲ ತಲೆಗೆ ಓಡಿದಳು. "ಸುಮಾ! ಉಪ್ ತಗೊಂಬಾ!"

"ಕಾಗೆಗೆ ಉಪ್ಯಾಕೆ ಅತ್ತೆ?"

"ಡಬ್ಬಿ ಸಮೇತ ತಾರೇ! ನಿಮ್ಮಾವ ಇನ್ನೂ ಉಣ್ತಾವ್ರೆ!"